ಜೇಲಾ: ಹಸಿ ಇಟ್ಟಿಗೆಯ ಕೋಟೆ, ತೈಲದ ಊರು

ಸಿಸಿಲಿಯ ದಕ್ಷಿಣ ತೀರದ ಈ ಊರನ್ನು ಕ್ರಿ.ಪೂ. 688ರಲ್ಲಿ ಕಟ್ಟಿದವರು ರೋಡ್ಸ್ ಮತ್ತು ಕ್ರೀಟ್ ದ್ವೀಪಗಳಿಂದ ಹಡಗೇರಿ ಬಂದ ಗ್ರೀಕರು. ನಾಟಕಕಾರ ಈಸ್ಕಿಲಸ್ ಕೊನೆಯುಸಿರೆಳೆದದ್ದು ಇಲ್ಲಿಯೇ.

ಎದುರಿನ ಗೋಡೆಯನ್ನು ನಿಧಾನವಾಗಿ ನೋಡಿ. ಇದು ಕ್ರಿ.ಪೂ. 4ನೇ ಶತಮಾನದ ಕೋಟೆ. ಕೆಳಗೆ ಕೆತ್ತಿದ ಕಲ್ಲಿನ ಸಾಲು, ಮೇಲೆ ಸುಡದೆ ಬಿಸಿಲಿಗೆ ಒಣಗಿಸಿದ ಮಣ್ಣಿನ ಇಟ್ಟಿಗೆ. ಮಳೆಗೆ ಕರಗಿಹೋಗಬೇಕಾದ ಇಟ್ಟಿಗೆಯಿದು. ಇದನ್ನು ಕಾಪಾಡಿದ್ದು ಕಡಲ ಗಾಳಿ ತಂದು ಸುರಿದ ಮರಳು. ಶತಮಾನಗಟ್ಟಲೆ ದಿಬ್ಬದಡಿ ಹುದುಗಿದ್ದ ಗೋಡೆ 1948ರಲ್ಲಿ ಶುರುವಾದ ಉತ್ಖನನದಿಂದ ಬೆಳಕಿಗೆ ಬಂತು. ಗ್ರೀಕ್ ಲೋಕದಲ್ಲಿ ಇಷ್ಟು ಚೆನ್ನಾಗಿ ಉಳಿದ ಹಸಿ ಇಟ್ಟಿಗೆಯ ಕೋಟೆ ಬಲು ಅಪರೂಪ. ದಯವಿಟ್ಟು ಮುಟ್ಟಬೇಡಿ, ಬೆರಳು ತಾಗಿದರೂ ಮಣ್ಣು ಉದುರುತ್ತದೆ.

ಕ್ರಿ.ಪೂ. 3ನೇ ಶತಮಾನದಲ್ಲಿ ಹಾಳುಬಿದ್ದ ಪಟ್ಟಣವನ್ನು 1233ರಲ್ಲಿ ಚಕ್ರವರ್ತಿ 2ನೇ ಫ್ರೆಡರಿಕ್ ಮತ್ತೆ ಕಟ್ಟಿಸಿದ. ಆಗ ಅದರ ಹೆಸರು ತೆರ್ರಾನೋವಾ.

1956ರಲ್ಲಿ ಇಲ್ಲಿ ತೈಲ ಸಿಕ್ಕಿತು. ಊರಿನ ಪೂರ್ವದ ಕಡಲಂಚಿನಲ್ಲಿ ಎನಿ ಕಂಪನಿಯ ಸಂಸ್ಕರಣಾಗಾರ ಎದ್ದಿತು. ಅದು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು; ನೆಲ, ನೀರು, ಗಾಳಿಯನ್ನು ಕೆಡಿಸಿತು ಕೂಡ. ಕಚ್ಚಾತೈಲದ ಸಂಸ್ಕರಣೆ ನಿಂತ ಮೇಲೆ, 2019ರಿಂದ ಅಲ್ಲಿ ಜೈವಿಕ ಇಂಧನ ತಯಾರಾಗುತ್ತಿದೆ.