ಪಾನನಿಷೇಧದ ಪೋಸ್ಟರ್ ಮಾಡೋದು ಹೇಗೆ? ಅಪರಾಧದ ಅಂಕಿಗಳಿಗೊಂದು ಕೈಪಿಡಿ

ಮದ್ಯ ನಿಷೇಧಿಸಿದರೆ ಅಪರಾಧ ಇಳಿಯುತ್ತದೆ ಅಂತ ಸಾಬೀತು ಮಾಡೋದು ಬಹಳ ಸುಲಭ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ‘ಕ್ರೈಮ್ ಇನ್ ಇಂಡಿಯಾ’ ವರದಿ ತೆರೆಯಿರಿ. ಮದ್ಯ ಸಿಗುವ ಒಂದು ರಾಜ್ಯ, ಸಿಗದ ಒಂದು ರಾಜ್ಯ ಆರಿಸಿಕೊಳ್ಳಿ. ಲೆಕ್ಕ ನಿಮಗೆ ಬೇಕಾದಂತೆ ಬರಲಿಲ್ಲವೇ? ರಾಜ್ಯ ಬದಲಿಸಿ.

ಕೇರಳ ಮತ್ತು ಬಿಹಾರ ಒಳ್ಳೆಯ ಜೋಡಿ. ಲಕ್ಷ ಜನಸಂಖ್ಯೆಗೆ ದಾಖಲಾಗುವ ಪ್ರಕರಣಗಳು ಪಾನನಿಷೇಧವಿರುವ ಬಿಹಾರಕ್ಕಿಂತ ಕೇರಳದಲ್ಲಿ ಹಲವು ಪಟ್ಟು ಹೆಚ್ಚು. ‘ಕುಡಿದು ಹಾಳಾದ ಕೇರಳ’ ಅಂತ ದಪ್ಪಕ್ಷರದಲ್ಲಿ ಹಾಕಿ. ಅಲ್ಲಿ ಠಾಣೆಗೆ ಹೋದವರ ದೂರು ಕೇಸಾಗಿ ದಾಖಲಾಗುವುದು ಹೆಚ್ಚು ಅನ್ನೋದನ್ನು ಬಿಡಿ, ಪೋಸ್ಟರಿನಲ್ಲಿ ಜಾಗ ಸಾಲಲ್ಲ. ಅಪರಾಧ ಹೆಚ್ಚುವುದು ಬೇರೆ, ದಾಖಲಾತಿ ಹೆಚ್ಚುವುದು ಬೇರೆ ಅಂತ ಎನ್‌ಸಿಆರ್‌ಬಿಯೇ ಎಚ್ಚರಿಸಿದೆ. ಆ ಪುಟವನ್ನೂ ಬಿಡಿ.

ಇನ್ನು ಬಿಹಾರ ಒಂದನ್ನೇ ನೋಡೋಣ. ಅಲ್ಲಿ 2016ರ ಏಪ್ರಿಲ್‌ನಿಂದ ಸಂಪೂರ್ಣ ಪಾನನಿಷೇಧವಿದೆ. ಹಿಂದಿನ ತಿಂಗಳವರೆಗೆ ಬಾಟಲಿ ಕೊಂಡವನು ಗ್ರಾಹಕ, ಮರುತಿಂಗಳಿಂದ ಆರೋಪಿ. ಈ ಹೊಸ ಕೇಸುಗಳು ‘ವಿಶೇಷ ಮತ್ತು ಸ್ಥಳೀಯ ಕಾನೂನು’ಗಳ ಕಾಲಂಗೆ ಹೋಗುತ್ತವೆ. ಹಾಗಾಗಿ ನಿಷೇಧದ ಪರ ಇರುವವರು ಆ ಕಾಲಂ ತೋರಿಸಲ್ಲ, ವಿರೋಧಿಗಳು ಅದನ್ನೂ ಒಟ್ಟಿಗೆ ಕೂಡಿಸಿ ‘ನಿಷೇಧದಿಂದ ಅಪರಾಧ ಏರಿತು’ ಅಂತಾರೆ. ಇಬ್ಬರದೂ ಒಂದೇ ಕಸುಬು. ಜಾಮೀನು ಅರ್ಜಿಗಳ ರಾಶಿ ಮಾತ್ರ ನಿಜ. ದೂರದೃಷ್ಟಿಯಿಲ್ಲದೆ ಕಾನೂನು ಮಾಡಿದರೆ ಕೋರ್ಟುಗಳಿಗೆ ಏನಾಗುತ್ತದೆ ಅನ್ನೋದಕ್ಕೆ 2021ರ ಡಿಸೆಂಬರ್‌ನಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಉದಾಹರಿಸಿದ್ದು ಇದೇ ಕಾಯ್ದೆಯನ್ನು. 2022ರಲ್ಲಿ ಕಾಯ್ದೆ ತಿದ್ದಿ, ಮೊದಲ ಸಲ ಕುಡಿದು ಸಿಕ್ಕಿಬಿದ್ದವರು ದಂಡ ಕಟ್ಟಿ ಹೋಗಲು ದಾರಿ ಮಾಡಿಕೊಟ್ಟರು.

ಕೊನೆಯ ಅಸ್ತ್ರ: ‘ಜೈಲಲ್ಲಿರೋ ಇಷ್ಟು ಮಂದಿ ಕುಡುಕರು’. ಜೈಲಿನ ಹೊರಗಿರೋ ಕುಡುಕರ ಲೆಕ್ಕ ಯಾರೂ ಕೇಳಲ್ಲ ಬಿಡಿ. ಆದರೆ ಇದೇ ತರ್ಕ ಹಿಡಿದರೆ ಇನ್ನೂ ಗಟ್ಟಿ ಅಂಕಿಯೊಂದು ಸಿಗುತ್ತದೆ. ದೇಶದ ಕೈದಿಗಳಲ್ಲಿ ಸುಮಾರು ಶೇ. 96 ಗಂಡಸರು. ಬಾಟಲಿ ಯಾಕೆ, ಗಂಡಸರನ್ನೇ ನಿಷೇಧಿಸಬಹುದಲ್ಲ?

ತಮಾಷೆ ಇಲ್ಲಿಗೆ ಸಾಕು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳುತ್ತಾ ನಡೆದು ಬಂದರು. ಅವರ ಮಾತಿಗೆ ಆಧಾರ ಬೇಕಿದ್ದರೆ ಹುಡುಕಬೇಕಾದ್ದು ಠಾಣೆಯ ಲೆಕ್ಕದಲ್ಲಲ್ಲ. ಮನೆಯೊಳಗಿನ ಹೊಡೆತ ಬಹುಪಾಲು ಠಾಣೆಯವರೆಗೆ ಹೋಗುವುದೇ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಹೋಗಿ ಹೆಂಗಸರನ್ನೇ ಕೇಳುತ್ತದೆ. ಅದರ ಐದನೇ ಸುತ್ತಿನಲ್ಲಿ, ಗಂಡ ಆಗಾಗ ಕುಡಿದು ಅಮಲೇರಿಸಿಕೊಳ್ಳುವ ಮನೆಗಳ ಹೆಂಗಸರಲ್ಲಿ ಶೇ. 70ರಷ್ಟು ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಗಂಡ ಕುಡಿಯದ ಮನೆಗಳಲ್ಲೂ ಶೇ. 23.