ನರಕಕ್ಕೆ ಹೋಗಿಬಂದ ಮಿಕ್ಕಿ ಮೌಸ್

1989ನೇ ಇಸವಿ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಹ್ಯಾಲಂಡೇಲ್ ಅಂತ ಒಂದು ಊರು. ಅಲ್ಲಿನ ಮೂರು ಶಿಶುವಿಹಾರಗಳ ಗೋಡೆ ಮೇಲೆ ಮಿಕ್ಕಿ ಮೌಸ್, ಡೊನಾಲ್ಡ್ ಡಕ್, ಗೂಫಿ ಇವರ ದೊಡ್ಡ ದೊಡ್ಡ ಚಿತ್ರ ಬರೆಸಿದ್ದರು. ನಮ್ಮ ಕಡೆ ಅಂಗನವಾಡಿ ಗೋಡೆ ಮೇಲೆ ಛೋಟಾ ಭೀಮ್ ಲಡ್ಡು ಹಿಡಿದು ನಿಂತಿರುತ್ತಾನಲ್ಲ, ಹಾಗೆ.

ಡಿಸ್ನಿ ಕಂಪನಿಗೆ ವಿಷಯ ಗೊತ್ತಾಯಿತು. ಚಿತ್ರ ಅಳಿಸಿ, ಇಲ್ಲದಿದ್ದರೆ ಕೋರ್ಟಿಗೆ ಬರಬೇಕಾಗುತ್ತದೆ ಎಂದು ತಿಳಿಸಿತು. ಮೂರೂ ಕಡೆ ಚಿತ್ರ ತೆಗೆಯಬೇಕಾಯಿತು. ಸುದ್ದಿ ದೇಶವೆಲ್ಲ ಹಬ್ಬಿತು. ಅದೇ ರಾಜ್ಯದಲ್ಲಿ ಹೊಸ ಪಾರ್ಕ್ ತೆರೆಯುವ ತಯಾರಿಯಲ್ಲಿದ್ದ ಯೂನಿವರ್ಸಲ್ ಕಂಪನಿ ಈ ಅವಕಾಶ ಬಿಡಲಿಲ್ಲ. ಯೋಗಿ ಕರಡಿ, ಸ್ಕೂಬಿ ಡೂ, ಫ್ಲಿಂಟ್‌ಸ್ಟೋನ್ ಕುಟುಂಬ ಇವರನ್ನು ಆ ಗೋಡೆಗಳ ಮೇಲೆ ಬರೆಸಿಕೊಟ್ಟು ಹೆಸರು ಮಾಡಿಕೊಂಡಿತು.

ಅದಕ್ಕೂ ಸರಿಯಾಗಿ 40 ವರ್ಷ ಹಿಂದೆ ಇದೇ ಮಿಕ್ಕಿ ಇಟಲಿಯಲ್ಲಿ, ಜಗತ್ತಿನ ಮಹಾಕಾವ್ಯಗಳಲ್ಲಿ ಒಂದಾದ ದಾಂತೆ ಕವಿಯ ಕೃತಿಯೊಳಗೆ ನಾಯಕನಾಗಿ ಓಡಾಡುತ್ತಿದ್ದ. ಅಲ್ಲಿ ಯಾರೂ ಅಳಿಸಲಿಲ್ಲ. ಇಟಲಿಯ ಜನ ಇವತ್ತಿಗೂ ಅದನ್ನು ಓದುತ್ತಾರೆ.

ಒಂದೇ ಇಲಿ. ಒಂದು ಕಡೆ ಗೋಡೆಯಿಂದ ಹೊರಗೆ, ಇನ್ನೊಂದು ಕಡೆ ಮಹಾಕಾವ್ಯದ ಒಳಗೆ. ಈ ವ್ಯತ್ಯಾಸ ಚಿತ್ರ ಎಷ್ಟು ಚೆನ್ನಾಗಿದೆ ಎಂಬುದರಿಂದ ಬಂದದ್ದಲ್ಲ. ಬರೆಯಿರಿ ಎಂದು ಕರೆದವರು ಯಾರಾದರೂ ಇದ್ದರೋ ಇಲ್ಲವೋ ಎಂಬುದರಿಂದ ಬಂದದ್ದು. ಹಳೆಯ ಪುಸ್ತಕ, ಹೊಸ ಕಾರ್ಟೂನು, ಅದನ್ನು ಪ್ರೀತಿಸಿ ಚಿತ್ರ ಬರೆಯುವವರು, ಈ ಮೂವರೂ ಒಂದೆಡೆ ಸೇರಿದ ಕಥೆಯೇ ಈ ಬರಹ. ನಮ್ಮ ಕನ್ನಡ ಪುಸ್ತಕಗಳಿಗೂ ಇದಕ್ಕೂ ಸಂಬಂಧವಿದೆ. ಕೊನೆಯಲ್ಲಿ ಅಲ್ಲಿಗೆ ಬರೋಣ.

ಮೊದಲು ತೆರೆದದ್ದು ಪುಸ್ತಕದ ಬಾಗಿಲು

ಲೂಯಿಸ್ ಕ್ಯಾರೊಲ್ ಎಂಬ ಇಂಗ್ಲಿಷ್ ಲೇಖಕ 1865ರಲ್ಲಿ ಆಲಿಸ್ ಎಂಬ ಹುಡುಗಿಯ ಕಥೆ ಪ್ರಕಟಿಸಿದ. ಮೊಲದ ಬಿಲದಲ್ಲಿ ಬಿದ್ದು ವಿಚಿತ್ರ ಲೋಕಕ್ಕೆ ಹೋಗುವ ಹುಡುಗಿ. ನಾ. ಕಸ್ತೂರಿಯವರು ಕನ್ನಡಕ್ಕೆ ತಂದಾಗ ಅವಳು ‘ಪಾತಾಳದಲ್ಲಿ ಪಾಪಚ್ಚಿ’ ಆದಳು. ಮೂಲ ಪುಸ್ತಕಕ್ಕೆ ಜಾನ್ ಟೆನಿಯಲ್ 42 ಚಿತ್ರ ಬರೆದಿದ್ದ. ಆಲಿಸ್ ಅಂದರೆ ಟೆನಿಯಲ್ ಬರೆದ ಆಲಿಸ್‌ಳೇ ಎನ್ನುವಷ್ಟು ಆ ಚಿತ್ರಗಳು ಜನರ ಮನಸ್ಸಿನಲ್ಲಿ ಕೂತಿದ್ದವು.

ಆಗಿನ ಬ್ರಿಟಿಷ್ ಕಾನೂನಿನ ಪ್ರಕಾರ ಪುಸ್ತಕ ಪ್ರಕಟವಾಗಿ 42 ವರ್ಷ, ಅಥವಾ ಲೇಖಕ ತೀರಿಕೊಂಡು 7 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಹಕ್ಕು ಉಳಿಯುತ್ತಿತ್ತು. ಕ್ಯಾರೊಲ್ 1898ರಲ್ಲಿ ತೀರಿಕೊಂಡಿದ್ದ. ಹಾಗಾಗಿ 1907ರಲ್ಲಿ ಆಲಿಸ್ ಎಲ್ಲರ ಸ್ವತ್ತಾದಳು. ಕಾಯುತ್ತಿದ್ದವರ ಹಾಗೆ ಒಬ್ಬರ ಹಿಂದೆ ಒಬ್ಬರು ಪ್ರಕಾಶಕರು ಹೊಸ ಕಲಾವಿದರಿಂದ ಚಿತ್ರ ಬರೆಸಿ ಪುಸ್ತಕ ತಂದರು. ಆರ್ಥರ್ ರ್‍ಯಾಕಮ್, ಚಾರ್ಲ್ಸ್ ರಾಬಿನ್ಸನ್, ಮಿಲಿಸೆಂಟ್ ಸವರ್ಬಿ ಹೀಗೆ ಹಲವರು ತಮ್ಮ ತಮ್ಮ ಆಲಿಸ್‌ಳನ್ನು ಬರೆದರು.

ಗೊಣಗಿದವರು ಗೊಣಗಿದರು. ಟೆನಿಯಲ್ ಆಗ ಇನ್ನೂ ಬದುಕಿದ್ದ. ಅವನ ಚಿತ್ರಗಳಿಗೆ ಏನಾಯಿತು? ಏನೂ ಆಗಲಿಲ್ಲ. ಇವತ್ತಿಗೂ ಅವೇ ಹೆಚ್ಚು ಪರಿಚಿತ. ರ್‍ಯಾಕಮ್ ಚಿತ್ರಗಳಿಗೂ ಬೇರೆ ಅಭಿಮಾನಿಗಳು ಹುಟ್ಟಿಕೊಂಡರು. ಹೊಸಬರು ಬಂದರೆ ಹಳಬರು ಅಳಿಯುತ್ತಾರೆ ಎಂಬ ಭಯಕ್ಕೆ 1907 ಕೊಟ್ಟ ಉತ್ತರ ಇದು.

ನಮಗೆ ಇದು ಹೊಸದೇನಲ್ಲ. ಒಂದು ಊರಿನ ತೊಗಲುಗೊಂಬೆಯ ರಾವಣ ಇನ್ನೊಂದು ಊರಿನ ರಾವಣನ ಹಾಗಿರುವುದಿಲ್ಲ. ಯಕ್ಷಗಾನದಲ್ಲಿ ತೆಂಕುತಿಟ್ಟಿನ ವೇಷವೇ ಬೇರೆ, ಬಡಗುತಿಟ್ಟಿನದೇ ಬೇರೆ. ಯಾವ ರಾವಣನೂ ಇನ್ನೊಬ್ಬ ರಾವಣನ ಮೇಲೆ ಕೇಸು ಹಾಕಿಲ್ಲ.

ದಾಂತೆಯ ಜಾಗದಲ್ಲಿ ಮಿಕ್ಕಿ

ಈಗ ಇಟಲಿಗೆ ಬರೋಣ. ದಾಂತೆ 1321ರಲ್ಲಿ ತೀರಿಕೊಂಡ ಕವಿ. ನರಕ, ಶುದ್ಧಿಲೋಕ, ಸ್ವರ್ಗ ಮೂರನ್ನೂ ಸುತ್ತಿ ಬರುವ ಅವನ ಕಾವ್ಯವನ್ನು ಇಟಲಿಯ ಮಕ್ಕಳು ಶಾಲೆಯಲ್ಲಿ ಓದಲೇಬೇಕು. ನಮ್ಮಲ್ಲಿ ಕುಮಾರವ್ಯಾಸ ಅಂದರೆ ಗೌರವವೂ ಪರೀಕ್ಷೆಯ ಭಯವೂ ಒಟ್ಟಿಗೇ ಬರುತ್ತದಲ್ಲ, ಅವರಿಗೆ ದಾಂತೆ ಹಾಗೆ.

ಮಿಕ್ಕಿ ಮೌಸ್‌ಗೆ ಇಟಲಿಯಲ್ಲಿ ‘ತೊಪೊಲಿನೊ’ ಎಂದು ಹೆಸರು. ಪುಟ್ಟ ಇಲಿ ಎಂದು ಅರ್ಥ. ಅದೇ ಹೆಸರಿನ ಮಕ್ಕಳ ಪತ್ರಿಕೆಯನ್ನು ಮೊಂದಾದೋರಿ ಪ್ರಕಾಶನ 1949ರ ಏಪ್ರಿಲ್‌ನಲ್ಲಿ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಆಕಾರದಲ್ಲಿ ಹೊಸದಾಗಿ ಆರಂಭಿಸಿತು. ಪ್ರಕಾಶನದ ಕೈಯಲ್ಲಿ ಡಿಸ್ನಿಯ ಪರವಾನಗಿ ಇತ್ತು. ಅಮೆರಿಕದಿಂದ ಬಂದ ಕಥೆಗಳನ್ನಷ್ಟೇ ಅಚ್ಚು ಹಾಕುತ್ತ ಕೂರದೆ, ಇಟಲಿಯ ಬರಹಗಾರರು, ಕಲಾವಿದರಿಂದಲೇ ಹೊಸ ಕಥೆ ಮಾಡಿಸಿತು.

ಆ ವರ್ಷ ಅಕ್ಟೋಬರ್‌ನಲ್ಲಿ ‘ತೊಪೊಲಿನೊನ ನರಕ’ ಶುರುವಾಯಿತು. ಬರೆದವರು ಗ್ವಿದೊ ಮಾರ್ತಿನಾ, ಚಿತ್ರ ಆಂಜೆಲೊ ಬಿಯೊಲೆತ್ತೊ. ನಾಟಕದಲ್ಲಿ ದಾಂತೆ ಮತ್ತು ಅವನ ದಾರಿ ತೋರುವ ಕವಿ ವರ್ಜಿಲ್‌ನ ವೇಷ ಹಾಕಿದ್ದ ಮಿಕ್ಕಿ, ಗೂಫಿ ಇಬ್ಬರೂ ವಶೀಕರಣಕ್ಕೆ ಸಿಕ್ಕಿ ತಾವೇ ಆ ಕವಿಗಳು ಎಂದುಕೊಳ್ಳುತ್ತಾರೆ. ಆಮೇಲೆ ಪುಸ್ತಕದ ಮುಂದೆ ಕೂತವರು ಸೀದಾ ನರಕದೊಳಗೇ ಇಳಿದುಬಿಡುತ್ತಾರೆ.

ದಾಂತೆ ಬರೆದದ್ದು ಮೂರು ಮೂರು ಸಾಲಿನ, ಒಂದಕ್ಕೊಂದು ಪ್ರಾಸ ಹೆಣೆದ ಪದ್ಯ. ಮಾರ್ತಿನಾ ಚಿತ್ರಗಳ ಕೆಳಗೆ ಅದೇ ಛಂದಸ್ಸಿನಲ್ಲಿ ಪದ್ಯ ಕಟ್ಟಿದರು. ಯಾರೋ ಛೋಟಾ ಭೀಮನ ಕಥೆಯನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ ಹಾಗೆ ಅಂದುಕೊಳ್ಳಿ. ಮೂಲವನ್ನು ಅರೆದು ಕುಡಿದವರಿಗೆ ಮಾತ್ರ ಆಗುವ ಕೆಲಸ ಅದು. ಕಥೆಯ ಕೊನೆಯಲ್ಲಿ ದಾಂತೆಯೇ ಬರುತ್ತಾನೆ. ನನ್ನ ಕಾವ್ಯವನ್ನು ಹೀಗೆ ಮಾಡಿದಿರಾ ಎಂದು ಕಥೆ ಮಾಡಿದವರ ಮೇಲೆ ಸಿಟ್ಟಾಗುತ್ತಾನೆ. ಆಮೇಲೆ ಕ್ಷಮಿಸುತ್ತಾನೆ.

ಓದುಗರು ಕ್ಷಮಿಸಿದ್ದಷ್ಟೇ ಅಲ್ಲ, ಇನ್ನೂ ಬೇಕು ಎಂದರು. ಮುಂದೆ ಡಾನ್ ಕ್ವಿಕ್ಸೋಟ್ ಕಥೆ ಬಂತು. 1976ರಲ್ಲಿ, ಇಟಲಿಯ ಶಾಲೆಗಳಲ್ಲಿ ಪಾಠವಾಗಿದ್ದ ಮಾಂಜೋನಿಯ ಕಾದಂಬರಿ ಬಾತುಕೋಳಿಗಳ ಕಥೆಯಾಗಿ ಬಂತು. ಇಂಥ ಕಥೆಗಳಿಗೆ ‘ದೊಡ್ಡ ಅಣಕಗಳು’ ಎಂಬ ಅರ್ಥದ ಹೆಸರೇ ಬಿತ್ತು. ಹಕ್ಕು ಇದ್ದವರು ಬಾಗಿಲು ತೆರೆದರು, ಅಷ್ಟೇ. ಹ್ಯಾಲಂಡೇಲ್‌ನಲ್ಲಿ ತೆರೆಯಲಿಲ್ಲ.

ಅದೇ 1949ರಲ್ಲಿ ಇಲ್ಲಿ ಕನ್ನಡದ ‘ಚಂದಮಾಮ’ ಶುರುವಾಯಿತು. ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯರು ಅದಕ್ಕೆ ಬರೆದ ಮಹಾಭಾರತದ ಮುಖಪುಟಗಳನ್ನು ಹಳಬರು ಈಗಲೂ ನೆನೆಯುತ್ತಾರೆ. ಎಷ್ಟೋ ಮನೆಯ ಮಕ್ಕಳಿಗೆ ಭೀಮ, ಅರ್ಜುನರ ಮುಖ ಮೊದಲು ಕಂಡದ್ದು ಅಲ್ಲೇ. ಹಳೆಯ ಕಥೆಗೆ ಹೊಸ ಚಿತ್ರ ಮಾಡುವ ಕೆಲಸ ಅದು.

ಅಭಿಮಾನಿಗಳೇ ಸಂತೆ ಹೂಡಿದಾಗ

ಇಟಲಿಯಲ್ಲಿ ಕರೆ ಬಂದದ್ದು ವೃತ್ತಿಯ ಕಲಾವಿದರಿಗೆ. ಬರೀ ಪ್ರೀತಿಯಿಂದ ಬರೆಯುವವರಿಗೆ ಜಾಗ ಸಿಕ್ಕಿದ್ದು ಜಪಾನಿನಲ್ಲಿ. 1975ರ ಡಿಸೆಂಬರ್ 21ರಂದು ಟೋಕಿಯೋದ ಒಂದು ಸಭಾಂಗಣದಲ್ಲಿ 32 ಗುಂಪುಗಳು ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಕಗಳನ್ನು ಮೇಜಿನ ಮೇಲೆ ಹರವಿಕೊಂಡು ಕೂತವು. ಬಂದವರು ಸುಮಾರು 700 ಜನ. ‘ಕಾಮಿಕ್ ಮಾರ್ಕೆಟ್’ ಎಂದು ಅದರ ಹೆಸರು. 2019ರ ಹೊತ್ತಿಗೆ ಈ ಸಂತೆಗೆ ನಾಲ್ಕು ದಿನಗಳಲ್ಲಿ ಒಟ್ಟು 7 ಲಕ್ಷಕ್ಕೂ ಹೆಚ್ಚು ಜನ ಬರುತ್ತಿದ್ದರು.

ಅಲ್ಲಿ ಮಾರಾಟವಾಗುವ ಪುಸ್ತಕಗಳಲ್ಲಿ ಬಹಳಷ್ಟು ಬೇರೆಯವರ ಪಾತ್ರಗಳನ್ನಿಟ್ಟುಕೊಂಡು ಬರೆದ ಕಥೆಗಳು. ಕಾನೂನು ಹಿಡಿದು ನೋಡಿದರೆ ತಪ್ಪು. ಆದರೂ ದೊಡ್ಡ ಪ್ರಕಾಶಕರು ಸಾಮಾನ್ಯವಾಗಿ ಕಂಡೂ ಕಾಣದ ಹಾಗೆ ಇರುತ್ತಾರೆ. ಕಾರಣವಿದೆ. ನಾಳೆಯ ಕಲಾವಿದರು ತಯಾರಾಗುವುದು ಅಲ್ಲೇ. ಹೆಸರುವಾಸಿ ‘ಕ್ಲಾಂಪ್’ ತಂಡದ ಹೆಣ್ಣುಮಕ್ಕಳು ಇಂಥ ಅಭಿಮಾನಿ ಗುಂಪಾಗಿಯೇ ಶುರು ಮಾಡಿದವರು.

ಕಂಡೂ ಕಾಣದ ಹಾಗೆ ಇರುವುದಕ್ಕೂ ಒಂದು ಮಿತಿ ಇದೆ. ಡೋರೆಮಾನ್ ಕಥೆಯ ಅಂತ್ಯ ಹೀಗಿರಬಹುದು ಎಂದು ಅಭಿಮಾನಿಯೊಬ್ಬರು 2005ರಲ್ಲಿ ಪುಸ್ತಕ ಮಾಡಿದರು. ಅದು ಸಾವಿರಾರು ಪ್ರತಿ ಮಾರಾಟವಾಯಿತು. ಪ್ರಕಾಶಕರು ಆಕ್ಷೇಪ ಎತ್ತಿದರು. 2007ರಲ್ಲಿ ಆ ಅಭಿಮಾನಿ ಕ್ಷಮೆ ಕೇಳಿ ಲಾಭದಲ್ಲಿ ಪಾಲು ಕೊಡಬೇಕಾಯಿತು. ಕರೆದು ಒಳಗೆ ಕೂರಿಸುವುದು ಬೇರೆ, ಬಂದವರನ್ನು ನೋಡಿ ಸುಮ್ಮನಿರುವುದು ಬೇರೆ. ಸುಮ್ಮನಿದ್ದವರು ಯಾವಾಗ ಬೇಕಾದರೂ ಮಾತಾಡಬಹುದು.

ಅದೇ 2007ರಲ್ಲಿ ಅಲ್ಲೇ ಇನ್ನೊಂದು ಘಟನೆ ನಡೆಯಿತು. ಒಸಾಮು ದಜಾಯ್ ಎಂಬ ಲೇಖಕ 1948ರಲ್ಲಿ ಬರೆದ ದುಃಖದ ಕಾದಂಬರಿಗೆ ಶುಯೇಷಾ ಪ್ರಕಾಶನ ಹೊಸ ಮುಖಪುಟ ಹಾಕಿಸಿತು. ಬರೆದವರು ‘ಡೆತ್ ನೋಟ್’ ಕಾಮಿಕ್ಸ್‌ನ ಕಲಾವಿದ ತಕೆಶಿ ಒಬಾತಾ. ಒಳಗಿನ ಒಂದು ಅಕ್ಷರವೂ ಬದಲಾಗಲಿಲ್ಲ. ಒಂದೂವರೆ ತಿಂಗಳಲ್ಲಿ 75,000 ಪ್ರತಿ ಹೋದವು. ಆ ಪುಸ್ತಕ ಹಳೆಯದೇ. ಯುವಕರು ಕೈಗೆತ್ತಿಕೊಂಡದ್ದು ತಮಗೆ ಗೊತ್ತಿದ್ದ ಕೈಬರಹದ ಚಿತ್ರ ಹೊರಗೆ ಕಂಡದ್ದರಿಂದ.

ಈಗ ಪಾತ್ರಗಳ ಸರದಿ

ಇಷ್ಟು ದಿನ ಪುಸ್ತಕ ಎಲ್ಲರದು, ಕಾರ್ಟೂನು ಕಂಪನಿಯದು ಎಂಬ ಲೆಕ್ಕ ಇತ್ತು. ಅಮೆರಿಕದಲ್ಲಿ ಕಾಪಿರೈಟ್ ಅವಧಿಯನ್ನು 1998ರಲ್ಲಿ ಇನ್ನೂ 20 ವರ್ಷ ಎಳೆದರು. ಹಳೆಯ ಕೃತಿಗಳಿಗೆ 75 ಇದ್ದದ್ದು 95 ವರ್ಷ ಆಯಿತು. ಆದರೂ ಕಾಲ ನಿಲ್ಲುವುದಿಲ್ಲವಲ್ಲ. 1926ರ ಪುಸ್ತಕದ ಕರಡಿ ವಿನ್ನಿ ದ ಪೂ 2022ರ ಜನವರಿ 1ರಂದು ಅಲ್ಲಿ ಎಲ್ಲರ ಸ್ವತ್ತಾಯಿತು. 1928ರ ‘ಸ್ಟೀಮ್‌ಬೋಟ್ ವಿಲ್ಲಿ’ ಚಿತ್ರದ ಮಿಕ್ಕಿ 2024ರ ಜನವರಿ 1ರಂದು.

ಇಲ್ಲೊಂದು ಎಚ್ಚರ ಬೇಕು. 2024ರಲ್ಲಿ ಬಿಡುಗಡೆಯಾದದ್ದು ಕಪ್ಪು ಬಿಳುಪಿನ, ಕೈಗವಸು ಇಲ್ಲದ ಆ ಹಳೆಯ ಮಿಕ್ಕಿ ಮಾತ್ರ. ಬಣ್ಣದ ಹೊಸ ಮಿಕ್ಕಿ, ಕೆಂಪು ಅಂಗಿಯ ಡಿಸ್ನಿ ಪೂ ಇನ್ನೂ ಕಂಪನಿಯ ಕೈಯಲ್ಲೇ ಇವೆ. ಟ್ರೇಡ್‌ಮಾರ್ಕ್ ಬೇರೆ ಇದೆ. ಇದೆಲ್ಲ ಅಮೆರಿಕದ ಕಾನೂನಿನ ಮಾತು. ಭಾರತದ ಲೆಕ್ಕ ಬೇರೆ.

ನಮ್ಮ ಕಪಾಟಿನಲ್ಲಿ ಏನಿದೆ?

ಭಾರತದಲ್ಲಿ ಲೇಖಕರಾಗಲಿ, ಕಲಾವಿದರಾಗಲಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಹಕ್ಕು 1991ರ ಕೊನೆಗೆ ಮುಗಿಯುತ್ತದೆ ಎನ್ನುವಾಗ 10 ವರ್ಷ ಹೆಚ್ಚಿಸಿದರು.

ಈ ಲೆಕ್ಕದಲ್ಲಿ ನಮ್ಮವರನ್ನು ನೋಡಿ. ಪಂಪ, ಕುಮಾರವ್ಯಾಸ, ಬಸವಣ್ಣ, ಸರ್ವಜ್ಞ ಇವರ ಮೂಲ ಎಲ್ಲರದು. 1901ರಲ್ಲಿ ತೀರಿಕೊಂಡ ಮುದ್ದಣನದೂ ಅಷ್ಟೇ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಬರಹ ಹಳೆಯ 50 ವರ್ಷದ ಲೆಕ್ಕದಲ್ಲೇ 1988ಕ್ಕೆ ಬಿಡುಗಡೆಯಾಯಿತು. ಬಿ.ಎಂ.ಶ್ರೀ ಮತ್ತು ಟಿ.ಪಿ. ಕೈಲಾಸಂ ಇಬ್ಬರೂ 1946ರಲ್ಲಿ ಹೋದವರು. 2007ರಿಂದ ಅವರ ಕೃತಿಗಳೂ ಮುಕ್ತ. ಡಿ.ವಿ.ಜಿ. ಅವರದಕ್ಕೆ 2036ರವರೆಗೆ, ಕುವೆಂಪು ಅವರದಕ್ಕೆ 2055ರವರೆಗೆ ಕಾಯಬೇಕು. ಇನ್ನೊಂದು ಮಾತು: ಹಳೆಯ ಕಾವ್ಯ ಮುಕ್ತವಾದರೂ ಈಗಿನವರು ಮಾಡಿದ ಗದ್ಯಾನುವಾದಕ್ಕೆ ಅವರ ಹಕ್ಕು ಬೇರೆ ಇರುತ್ತದೆ.

ಛೋಟಾ ಭೀಮ್ 2008ರಲ್ಲಿ ಹುಟ್ಟಿದವನು. ಹೆಸರು ಮಹಾಭಾರತದಿಂದ ಬಂದದ್ದು, ಆದರೆ ಆ ಕೇಸರಿ ಪಂಚೆಯ ಹುಡುಗ ಕಂಪನಿಯ ಆಸ್ತಿ. ನೋಟ್‌ಬುಕ್ಕಿನಲ್ಲಿ ಮಕ್ಕಳು ಬರೆದುಕೊಂಡರೆ ಯಾರೂ ಕೇಳಲು ಬರುವುದಿಲ್ಲ. ಪುಸ್ತಕ ಮಾಡಿ ಮಾರಿದರೆ ಪ್ರಶ್ನೆ ಬರುತ್ತದೆ. ಆದರೆ ವ್ಯಾಸ, ಕುಮಾರವ್ಯಾಸರ ಭೀಮನಿಗೆ ಯಾರ ಅಪ್ಪಣೆಯೂ ಬೇಡ. ಮಕ್ಕಳು ಕಾರ್ಟೂನಿನಿಂದ ಕಲಿತ ದೊಡ್ಡ ಕಣ್ಣು, ದುಂಡು ಮುಖದ ಶೈಲಿಗೂ ಅಪ್ಪಣೆ ಬೇಡ. ಶೈಲಿಗೆ ಕಾಪಿರೈಟ್ ಇಲ್ಲ, ಪಾತ್ರಕ್ಕೆ ಇದೆ.

ಹಾಗಿದ್ದರೆ ನಮ್ಮಲ್ಲಿ ಕೊರತೆ ಏನು? ಪುಸ್ತಕ ಇದೆ. ವಿಕಿಸೋರ್ಸ್‌ನಲ್ಲಿ ಹಳೆಯ ಕನ್ನಡ ಕೃತಿಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ. ಚಿತ್ರ ಬರೆಯುವವರೂ ಇದ್ದಾರೆ. ಪ್ರತಿ ಹೈಸ್ಕೂಲಿನಲ್ಲೂ ಕೊನೆ ಬೆಂಚಿನಲ್ಲಿ ನರುಟೊ, ಗೋಕು ಬರೆಯುತ್ತ ಬೈಸಿಕೊಳ್ಳುವ ಒಬ್ಬ ಹುಡುಗನೋ ಹುಡುಗಿಯೋ ಇರುತ್ತಾರೆ. ಬೋರ್ಡು ಬರೆಯುವ ಪೇಂಟರ್ ಅಣ್ಣಂದಿರು ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿ ಕೂತಿದ್ದಾರೆ. ಇಲ್ಲದಿರುವುದು ಕರೆಯುವವರು.

ಕರೆಯಲು ದೊಡ್ಡ ದುಡ್ಡೇನೂ ಬೇಡ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಭಾನುವಾರ ಸಾಕು. ಪಂಜೆಯವರ ‘ಇಲಿಗಳ ಥಕಥೈ’ ಕಥೆಯನ್ನು ಜೋರಾಗಿ ಓದಿಸಿ. ಡ್ರಾಯಿಂಗ್ ಹಾಳೆ ಹಂಚಿ. ನಿಮಗೆ ಕಂಡ ಹಾಗೆ ಇಲಿ ಬರೆಯಿರಿ ಎನ್ನಿ. ಕೆಲವರು ಮಿಕ್ಕಿಯ ಕಿವಿ ಹಚ್ಚಿಯೇ ಶುರು ಮಾಡುತ್ತಾರೆ, ಬೈಯಬೇಡಿ. ಎರಡನೇ ಹಾಳೆಗೆ ಬರುವ ಹೊತ್ತಿಗೆ ಅವರ ಹೊಲದ ಇಲಿ, ಅವರ ಮನೆಯ ಅಟ್ಟದ ಇಲಿ ಹೊರಗೆ ಬರುತ್ತದೆ. ಚೆನ್ನಾಗಿ ಬಂದದ್ದನ್ನು ಪೇಂಟರ್ ಅಣ್ಣನ ಕೈಯಲ್ಲಿ ಅಂಗನವಾಡಿ ಗೋಡೆಗೆ ಏರಿಸಿ, ಕೆಳಗೆ ಬರೆದ ಮಗುವಿನ ಹೆಸರು ಹಾಕಿಸಿ. ಆ ಇಲಿಯನ್ನು ಅಳಿಸಿ ಎಂದು ಯಾವ ಕಂಪನಿಯೂ ಹೇಳಲಾರದು.