ಚೀನೀಯರ ಇಂಗ್ಲಿಷ್ ಕಲಿಕೆಯಲ್ಲಿ ಫ್ರೇಸಲ್ ವರ್ಬ್‌ಗಳ ಚರಿತ್ರೆ

ಇಂಗ್ಲಿಷಿನ ಸಾಮಾನ್ಯ ಕ್ರಿಯಾಪದವೊಂದಕ್ಕೆ ಅಪ್, ಔಟ್, ಆಫ್‌ನಂತಹ ಪುಟ್ಟ ಅವ್ಯಯ ಸೇರಿ, ಎರಡರ ಬಿಡಿ ಅರ್ಥಗಳಿಂದ ಊಹಿಸಲಾಗದ ಹೊಸ ಅರ್ಥ ಹುಟ್ಟುವುದುಂಟು. ಅಂತಹ ಜೋಡಿಗೆ ಫ್ರೇಸಲ್ ವರ್ಬ್ ಎಂಬ ಹೆಸರಿದೆ. ಇಡು ಎಂಬ ಅರ್ಥದ 'ಪುಟ್' ಮೇಲೆ ಎಂಬ ಅರ್ಥದ 'ಅಪ್' ಜೊತೆ ಕೂಡಿದಾಗ ಡೇರೆ ಹಾಕುವುದಕ್ಕೂ ಅತಿಥಿಗೆ ರಾತ್ರಿ ತಂಗಲು ಜಾಗ ಕೊಡುವುದಕ್ಕೂ ಸಲ್ಲುತ್ತದೆ, ಮುಂದೆ 'ವಿತ್' ಸೇರಿದರೆ ಸಹಿಸಿಕೊಳ್ಳುವುದು ಎಂದಾಗುತ್ತದೆ. ವಿದೇಶೀಯರಿಗೆ ಇಂಗ್ಲಿಷಿನಲ್ಲಿ ಅತಿ ಕಠಿಣವಾದುದು ಇಂತಹ ಜೋಡಣೆಯೇ ಎಂಬುದನ್ನು ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1755ರ ನಿಘಂಟಿನ ಮುನ್ನುಡಿಯಲ್ಲೇ ಗುರುತಿಸಿದ್ದನು. ಆದರೆ ಫ್ರೇಸಲ್ ವರ್ಬ್ ಎಂಬ ಹೆಸರು ಬಳಕೆಗೆ ಬಂದುದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್‌ನ ಗ್ರಂಥದಿಂದ. ಈ ನಡುವಣ ಕಾಲದಲ್ಲಿ ಆ ಕಷ್ಟವನ್ನು ಕಲಿಯುವವರ ಕಡೆಯಿಂದ ಕಂಡು ಗ್ರಂಥರೂಪಕ್ಕೆ ತಂದವರಲ್ಲಿ ಒಬ್ಬ ಚೀನೀಯನಿದ್ದನೆಂಬುದು ನಿಘಂಟುಗಳ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಗೌರವಕ್ಕೆ ಅರ್ಹವಾದ ಸಂಗತಿ.

ಚೀನೀಯರ ಇಂಗ್ಲಿಷ್ ಮೊದಲು ಬೆಳೆದುದು ಶಾಲೆಯಲ್ಲಲ್ಲ, ಕ್ಯಾಂಟನ್ ಬಂದರಿನ ವ್ಯಾಪಾರದಲ್ಲಿ. 1757ರಿಂದ 1842ರ ನಾನ್‌ಜಿಂಗ್ ಒಪ್ಪಂದದವರೆಗೆ ಪಾಶ್ಚಾತ್ಯರ ಸಮುದ್ರ ವ್ಯಾಪಾರವೆಲ್ಲ ಆ ಒಂದೇ ಬಂದರಿಗೆ ಸೀಮಿತವಾಗಿದ್ದುದರಿಂದ ಅಲ್ಲಿ ಪಿಡ್ಜಿನ್ ಎಂಬ ಬೆರಕೆ ನುಡಿ, ಎಂದರೆ ಎರಡು ಭಾಷೆಗಳ ಜನ ವ್ಯವಹಾರಕ್ಕೆಂದು ಕಟ್ಟಿಕೊಂಡ ಸರಳ ಭಾಷೆ, ರೂಢಿಗೆ ಬಂದಿತು. ಇಂಗ್ಲಿಷ್ ಉಚ್ಚಾರಣೆಯನ್ನು ಕ್ಯಾಂಟನೀಸ್ ಓದಿಗೆ ಒಗ್ಗುವ ಚೀನೀ ಲಿಪಿಯಲ್ಲಿ ಬರೆದ, 'ಕೆಂಗೂದಲಿನವರ ಮಾತು' ಎಂಬ ಹೆಸರಿನ ಕಿರುಹೊತ್ತಿಗೆಗಳು ಆ ನುಡಿಯನ್ನು ಕಲಿಸುತ್ತಿದ್ದವು. ಪಡೆಯುವುದು, ತರುವುದು ಮುಂತಾದ ಹಲವು ಕ್ರಿಯೆಗಳನ್ನು 'ಕ್ಯಾಚಿ' ಎಂಬ ಒಂದೇ ಪದ ನಿಭಾಯಿಸುತ್ತಿದ್ದ ಆ ಭಾಷೆಯಲ್ಲಿ ಅವ್ಯಯಗಳ ಸೂಕ್ಷ್ಮಕ್ಕೆ ಹೆಚ್ಚಿನ ಕೆಲಸವಿರಲಿಲ್ಲ.

ಆರಂಭದಲ್ಲಿ ಹೇಳಿದ ಆ ಚೀನೀಯ, ಗುವಾಂಗ್‌ಡಾಂಗ್ ಪ್ರಾಂತದ ಕ್ವಾಂಗ್ ಕಿ ಚಿಯು, 1868ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ರಕಟಿಸಿದ ಇಂಗ್ಲಿಷ್-ಚೀನೀ ನಿಘಂಟು ಮಾರಿಸನ್ ಮೊದಲಾದ ಪಾದ್ರಿಗಳ ಕೋಶಗಳನ್ನು ಆಧರಿಸಿದ್ದು, ಬಿಡಿ ಪದಗಳಿಗೆ ಅರ್ಥ ಹೇಳುವ ಹಳೆಯ ದಾರಿಯಲ್ಲೇ ಸಾಗಿತ್ತು. ಯೇಲ್ ವಿಶ್ವವಿದ್ಯಾಲಯದ 1854ರ ಪದವೀಧರ ಯುಂಗ್ ವಿಂಗ್‌ನ ಪ್ರಯತ್ನದಿಂದ 1872ರ ಮೊದಲ್ಗೊಂಡು 120 ಬಾಲಕರನ್ನು ಅಮೆರಿಕಕ್ಕೆ ಕಳುಹಿಸಿದ ಚೀನೀ ಶಿಕ್ಷಣ ನಿಯೋಗದಲ್ಲಿ ಭಾಷಾಂತರಕಾರನಾಗಿ ಹಾರ್ಟ್‌ಫರ್ಡ್ ನಗರದಲ್ಲಿ ನೆಲೆಸಿದ ಮೇಲೆ ಕ್ವಾಂಗ್‌ನ ಗಮನ ಬಿಡಿ ಪದದಿಂದ ಪದಗಳ ಕೂಟಕ್ಕೆ ಹೊರಳಿತು. 1881ರಲ್ಲಿ ನ್ಯೂಯಾರ್ಕ್‌ನಲ್ಲಿ ಅಚ್ಚಾದ ಅವನ ಇಂಗ್ಲಿಷ್ ನುಡಿಗಟ್ಟುಗಳ ನಿಘಂಟು ಒಂದೊಂದು ಪ್ರಯೋಗಕ್ಕೂ ಅರ್ಥ ಕೊಟ್ಟು, ಜೊತೆಗೆ ಉದಾಹರಣೆಯ ವಾಕ್ಯವನ್ನೂ ಜೋಡಿಸಿತು. ಇಂಗ್ಲಿಷಿನ ಮನೆಮಾತಿನವರಿಗೆ ತೀರ ಸಹಜವಾಗಿ ಕಂಡು ಗಮನಕ್ಕೇ ಬಾರದ ಪ್ರಯೋಗಗಳನ್ನು ಹೊರಗಿನಿಂದ ಬಂದವನೊಬ್ಬ ಹೆಕ್ಕಿ, ಅರ್ಥಕ್ಕಿಂತ ಬಳಕೆಯೇ ಮುಖ್ಯವೆಂದು ವಾಕ್ಯಸಹಿತ ತೋರಿಸಿದ್ದರಲ್ಲಿ ಈ ಗ್ರಂಥದ ಬೆಲೆಯಿದೆ. ಬಾಲಕರು ಪರಕೀಯರಾಗಿಬಿಡುವರೆಂದು ಶಂಕಿಸಿದ ಸಂಪ್ರದಾಯಸ್ಥ ಅಧಿಕಾರಿಗಳ ಒತ್ತಾಯದಿಂದ ಅದೇ ವರ್ಷ ನಿಯೋಗವನ್ನು ಹಿಂದಕ್ಕೆ ಕರೆಸಲಾಯಿತು ಎಂಬುದು ದುಃಖದ ಸಂಗತಿ.

ಚೀನಾದೊಳಗೆ ಇಂಗ್ಲಿಷ್ ಕಲಿಕೆಯನ್ನು ಹರಡಿದ ಕೀರ್ತಿ 1897ರಲ್ಲಿ ಶಾಂಘೈನಲ್ಲಿ ಸ್ಥಾಪಿತವಾದ ಕಮರ್ಷಿಯಲ್ ಪ್ರೆಸ್‌ಗೆ ಬಹುಮಟ್ಟಿಗೆ ಸಲ್ಲುತ್ತದೆ. ಅದು ಮರುವರ್ಷ ಹೊರತಂದ ಪ್ರಥಮ ಪಾಠಪುಸ್ತಕವು ಭಾರತದ ಶಾಲೆಗಳಿಗೆಂದು ಬ್ರಿಟಿಷರು ಸಿದ್ಧಪಡಿಸಿದ್ದ ವಾಚಕಕ್ಕೆ ಚೀನೀ ಟಿಪ್ಪಣಿ ಸೇರಿಸಿದ ಆವೃತ್ತಿಯಾಗಿತ್ತು.

ಕಲಿಕೆ ಹೀಗೆ ಹರಡಿದರೂ ಫ್ರೇಸಲ್ ವರ್ಬ್‌ಗಳ ತೊಡಕು ಉಳಿಯಿತು. ಹಾಗೆಂದು ಚೀನೀ ಭಾಷೆಗೆ ಇಂತಹ ರಚನೆ ಅಪರಿಚಿತವೇನಲ್ಲ. ನಿಲ್ಲು ಎಂಬ ಅರ್ಥದ 'ಜಾನ್' ಪದಕ್ಕೆ ಮೇಲೇಳುವ ದಿಕ್ಕನ್ನು ಸೂಚಿಸುವ 'ಛಿಲಾಯ್' ಸೇರಿದರೆ ಎದ್ದು ನಿಲ್ಲುವುದಾಗುತ್ತದೆ. ಆಲೋಚಿಸು ಎಂಬ ಅರ್ಥದ 'ಶಿಯಾಂಗ್' ಪದಕ್ಕೆ ಅದೇ ಸೇರಿದರೆ ಮರೆತದ್ದು ನೆನಪಿಗೆ ಬರುವುದಾಗುತ್ತದೆ. ಆದರೆ ಸಹಿಸುವುದಕ್ಕೆ 'ರೆನ್‌ಶೋ' ಎಂಬ ಪದವಿದ್ದು, ಅದಕ್ಕೆ ನೇರವಾಗಿ ಹೊಂದುವ 'ಟಾಲರೇಟ್' ಇಂಗ್ಲಿಷಿನಲ್ಲಿ ದೊರೆಯುವುದರಿಂದ, 'ಪುಟ್ ಅಪ್ ವಿತ್' ಕಲಿಯುವವನ ಬಾಯಿಗೆ ಸುಲಭವಾಗಿ ಬರುವುದಿಲ್ಲ. ಲಿಯಾವೊ ಮತ್ತು ಫುಕುಯಾ ಎಂಬ ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಧ್ಯಮ ಹಂತದ ಚೀನೀ ವಿದ್ಯಾರ್ಥಿಗಳು ಫ್ರೇಸಲ್ ವರ್ಬ್‌ಗಳನ್ನು ಬಿಟ್ಟು ಒಂಟಿ ಕ್ರಿಯಾಪದಗಳನ್ನೇ ಆಯ್ದುಕೊಳ್ಳುವುದೂ, ಅಕ್ಷರಾರ್ಥದ ಜೋಡಿಗಳಿಗಿಂತ ಲಾಕ್ಷಣಿಕ ಅರ್ಥದವನ್ನು ಹೆಚ್ಚಾಗಿ ತೊರೆಯುವುದೂ, ಕಲಿಕೆ ಮುಂದುವರಿದಂತೆ ಈ ಹಿಂಜರಿಕೆ ಕಡಿಮೆಯಾಗುವುದೂ ಕಂಡುಬಂದಿದೆ.